ಚಿಕ್ಕರಾಜು ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆ

ಅಂಬಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಇದ್ದಿದ್ದರೆ ಅಳತೆ ನೋಡಿ ಹೇಳುತ್ತಿದ್ದಳು. ಭಾನುವಾರ ಬೆಳಿಗ್ಗೆ ಕನಕಪುರದಿಂದ ಹೆಣ್ಣಿನ ಅಪ್ಪ ಬೀರಲಿಂಗಯ್ಯ ಫೋನ್ ಮಾಡಿ, "ಎಲ್ಲಾ ಒಪ್ಗೆ ಕಣಮ್ಮ, ಮಧ್ಯಾನ್ನ ಬಂದ್ಬುಡಿ. ನಮ್ಮ ಹುಡುಗಿ ಮಾತ್ರ ಒಂದು ಕೇಳವ್ಳೆ, ಹುಡುಗಂಗೆ ಇಂಗ್ಲಿಷ್ ಬತ್ತದಾ ಅಂತ" ಅಂದಾಗ, ಅವಳು ಹಸುವಿನ ಕೆಚ್ಚಲಿನಿಂದ ಕೈ ಕೂಡ ತೆಗೆಯದೆ, "ಬರದೆ ಏನು? ನೀರ್ ಕುಡ್ದಂಗೆ ಮಾತಾಡ್ತಾನೆ" ಅಂದುಬಿಟ್ಟಳು.

ನೀರು ಕುಡಿದಂತೆ ಇಂಗ್ಲಿಷ್ ಮಾತಾಡುವ ಮಗ ಚಿಕ್ಕರಾಜು ಆಗ ಕುರಿದೊಡ್ಡಿ ಗುಡಿಸುತ್ತಿದ್ದ. ಸುದ್ದಿ ಕೇಳಿ ಪೊರಕೆ ಕೈಜಾರಿತು.

"ಅವ್ವಾ, ನಾನು ಎಸ್ಸೆಸ್ಸೆಲ್ಸಿಲಿ ಡುಮ್ಕಿ ಹೊಡ್ದಿದ್ದೇ ಇಂಗ್ಲಿಷಲ್ಲಿ ಅಲ್ವಾ!"

"ಅದ್ನ ಹೆಣ್ಣಿನ ಕಡೆಯೋರ್ಗೆ ಹೇಳಕ್ಕಾಯ್ತದೇನ್ಲಾ? ಹೋಗು, ಸ್ನಾನ ಮಾಡು."

ಗುಡೇಮಾರನಹಳ್ಳಿಯಲ್ಲಿ ಚಿಕ್ಕರಾಜುವಿಗೆ ಏನು ಕಮ್ಮಿಯಿತ್ತು ಹೇಳಿ? ರಾಗಿ ಹೊಲವಿತ್ತು, ಕುರಿ ಹಿಂಡಿತ್ತು, ನೀರಿರುವ ಬೋರ್‌ವೆಲ್ಲಿತ್ತು. ಹೆಂಡತಿಯೊಬ್ಬಳಿರಲಿಲ್ಲ. ವಯಸ್ಸು ಮೂವತ್ತನಾಲ್ಕು ದಾಟಿತ್ತು, ಕೂದಲು ಹಿಂದಕ್ಕೆ ಸರಿಯತೊಡಗಿತ್ತು. ಕುರಿ ಅಂದ ಕೂಡಲೇ ಹೆಣ್ಣುಗಳು ಫೋಟೋ ನೋಡಿಯೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಇಂಥದ್ದರಲ್ಲಿ ಕನಕಪುರದ ಕಡೆಯ ಶಾಲೆಯೊಂದರಲ್ಲಿ ಟೀಚರಾಗಿರುವ ಮಾನ್ಯಳ ಮನೆಯವರು ಬನ್ನಿ ಅಂದಿದ್ದರು. ಅವರು ವಾಟ್ಸಾಪಿನಲ್ಲಿ ಕಳಿಸಿದ ಫೋಟೋದಲ್ಲಿ ಅವಳು ಯಾವುದಕ್ಕೋ ಬಾಯ್ತುಂಬ ನಗುತ್ತಿದ್ದಳು. ಆ ನಗು ನೋಡಿದಾಗಿನಿಂದ ಚಿಕ್ಕರಾಜು ಮೊಬೈಲು ಕೆಳಗಿಟ್ಟಿರಲಿಲ್ಲ. ಇದು ತಪ್ಪಿದರೆ ತಾನಿನ್ನು ಕುರಿಗಳ ಜೊತೆಗೇ ಮುದುಕನಾಗುವುದು ಎಂದು ಅವನಿಗೆ ಖಾತ್ರಿಯಾಗಿತ್ತು.

ಅರ್ಧ ಗಂಟೆಯಲ್ಲಿ ಜಗಲಿಯ ಮೇಲೆ ಸಭೆ ಸೇರಿತು. ಪಕ್ಕದ ಮನೆಯ ಗಂಗಯ್ಯ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು. ಊರಿನ ಇಂಗ್ಲಿಷ್ ವ್ಯವಹಾರಗಳಿಗೆಲ್ಲ ತಾನೇ ವಾರಸುದಾರನೆಂದು ತಿಳಿದಿದ್ದ. ಎದುರು ಮನೆಯ ವರಲಕ್ಷ್ಮಮ್ಮ ನಿವೃತ್ತ ಮೇಡಂ; ಗಂಗಯ್ಯನನ್ನು ತಿದ್ದುವುದು ಅವರಿಗೆ ಪಿಂಚಣಿಯ ಜೊತೆ ಬಂದ ಸುಖ.

"ಜಾಸ್ತಿ ಬ್ಯಾಡ, ಒಂದೇ ಪ್ರಶ್ನೆ ಸಾಕು" ಅಂದ ಗಂಗಯ್ಯ. "ಹುಡುಗೀನ ಏನಾರ ಕೇಳೋದಿದ್ರೆ ಕೇಳಪ್ಪ ಅಂತ ಅಂದೇ ಅಂತಾರೆ. ಆಗ ಇಂಗ್ಲಿಷಲ್ಲಿ ಒಂದು ಬುಟ್ರೆ ಮುಗೀತು. ವೇರ್ ಯು ಗೋಯಿಂಗ್ ಅನ್ನು."

"ನಾನೇನು ಟಿಕೆಟ್ ಹರಿಯಕ್ಕೋಯ್ತಿದ್ದೀನಾ ಮಾವ?"

"ಯು ನೋ ಕುಕಿಂಗ್ ಅನ್ನು ಹಂಗಾರೆ."

"ಟೀಚರಮ್ಮನಿಗೆ ಅಡುಗೆ ಬರುತ್ತಾ ಅಂತ ಕೇಳಿದ್ರೆ ಕಾಫಿ ಲೋಟ ಮುಖಕ್ಕೇ ಬರುತ್ತೆ" ಅಂದರು ವರಲಕ್ಷ್ಮಮ್ಮ.

ಚಿಕ್ಕರಾಜು ತಲೆ ಕೆರೆದುಕೊಂಡ. "ಈ ಮದ್ವೆ ಬಗ್ಗೆ ಅವ್ರಿಗೇನನ್ನಿಸ್ತದೆ ಅಂತ ಕೇಳಬೋದಾ ಮೇಡಂ?"

ಹೆಣ್ಣಿಗೆ ಏನನ್ನಿಸುತ್ತದೆ ಎಂದು ಕೇಳಬಹುದೆನ್ನುವುದು ಅಲ್ಲಿದ್ದ ಯಾರಿಗೂ ಹೊಳೆದಿರಲಿಲ್ಲ. ವರಲಕ್ಷ್ಮಮ್ಮನವರಿಗಂತೂ ಖುಷಿಯಾಯಿತು. ಪಾಠ ಶುರುವಾಯಿತು.

"ವಾಟ್ ಯು ಥಿಂಕ್..."

"ತಪ್ಪು. ಡು ಹಾಕು."

"ಎಲ್ಲಿಗೆ ಮೇಡಂ?"

"ವಾಟ್ ಆದ್ಮೇಲೆ. ವಾಟ್ ಡು ಯು ಥಿಂಕ್."

"ಡು ಅಂದ್ರೆ ಮಾಡು ಅಲ್ವಾ? ಇಲ್ಲೇನು ಮಾಡ್ತದೆ ಅದು?"

"ಏನೂ ಮಾಡಲ್ಲ. ಸುಮ್ನೆ ಕೂತಿರುತ್ತೆ."

"ಕೆಲಸ ಮಾಡ್ದೇ ಇರೋರ್ನ ಯಾಕೆ ಕೂರಿಸ್ಕಬೇಕು ಮೇಡಂ?"

"ಹೆಣ್ಣು ನೋಡೋಕೆ ಗಂಗಯ್ಯ ಬರ್ತಿಲ್ವೇನೋ? ಹಾಗೆ."

ಕನ್ನಡದಲ್ಲಿ ಎಷ್ಟು ಸಲೀಸು! 'ಬಂದ' ಅನ್ನುವುದರ ಬಾಲವನ್ನು ಒಂದಿಷ್ಟು ಎಳೆದರೆ 'ಬಂದಾ?' ಪ್ರಶ್ನೆ ತಯಾರು. ಇಂಗ್ಲಿಷಿನವರು ಮಾತ್ರ ಎಲ್ಲಿಂದಲೋ ಒಬ್ಬನನ್ನು ಎಬ್ಬಿಸಿ ತಂದು ಮುಂದೆ ಕೂರಿಸಿದ ಮೇಲೇ ಪ್ರಶ್ನೆ ಕೇಳುತ್ತಾರೆ. ಚಿಕ್ಕರಾಜು ಸ್ನಾನ ಮಾಡುತ್ತ ಕೇಳಿದ, ಶರಟಿನ ಗುಂಡಿ ಹಾಕುತ್ತ ಕೇಳಿದ, ದೊಡ್ಡಿಗೆ ಹೋಗಿ ಟಗರನ್ನೂ ಕೇಳಿದ. ಸಾಬೀರನ ಬಾಡಿಗೆ ಕಾರು ರಾಮನಗರ ತಲುಪುವಷ್ಟರಲ್ಲಿ ಪ್ರಶ್ನೆ ಸಾಬೀರನಿಗೇ ಬಾಯಿಪಾಠವಾಗಿತ್ತು. ಟೀ ಕುಡಿಯಲು ನಿಲ್ಲಿಸಿದಾಗ ಅಂಗಡಿಯವನು "ಸಕ್ಕರೆ ಹಾಕ್ಲಾ ಸಾರ್?" ಅಂದ. ಚಿಕ್ಕರಾಜು ಗಂಭೀರವಾಗಿ, "ವಾಟ್ ಡು ಯು ಥಿಂಕ್ ಅಬೌಟ್ ದಿಸ್ ಮ್ಯಾರೇಜ್?" ಅಂದ.

"ಯಾರ್ದು ಸಾರ್?" ಅಂದ ಟೀ ಅಂಗಡಿಯವನು.

ಮತ್ತೆ ಕಾರು ಹತ್ತಿದ ಮೇಲೆ ಚಿಕ್ಕರಾಜುವಿಗೆ ಹೊಸ ಭಯ ಹುಟ್ಟಿತು. "ಮಾವ, ಅವ್ರು ಉತ್ತರ ಹೇಳಿದ್ರೆ?"

"ಥೂ ನಿನ್ನ! ಹೆಣ್ ನೋಡೋ ಶಾಸ್ತ್ರದಲ್ಲಿ ಹೆಣ್ಣು ಮಾತಾಡಿದ್ದ ಎಲ್ಲಾರ ಕಂಡಿದ್ದೀಯೇನ್ಲಾ? ತಲೆ ತಗ್ಗುಸ್ತಾಳೆ, ಒಸಿ ನಗ್ತಾಳೆ, ಒಳಕ್ಕೋಯ್ತಾಳೆ. ಹಂಗೂ ಏನಾರ ಅಂದ್ರೆ ಎಸ್ ಅನ್ನು. ಮಧ್ಯೆ ಮಧ್ಯೆ ನೋ ಪ್ರಾಬ್ಲಮ್ ಅನ್ನು. ಇಷ್ಟು ವರ್ಷ ಬೆಂಗಳೂರಲ್ಲಿ ನಾನು ಅದ್ರಲ್ಲೇ ಬದುಕಿಲ್ವಾ?"

ಬೀರಲಿಂಗಯ್ಯನ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಆಯಿತು. ಮಾನ್ಯ ಕಾಫಿ ತಂದಳು. ಅವಳು ನೆಲ ನೋಡಲಿಲ್ಲ. ನೆಟ್ಟಗೆ ಚಿಕ್ಕರಾಜುವನ್ನೇ ನೋಡಿದಳು. ಅವನೇ ನೆಲ ನೋಡಿದ.

"ಹುಡುಗೀನ ಏನಾರ ಕೇಳೋದಿದ್ರೆ ಕೇಳಪ್ಪ, ನಾಚ್ಕಬ್ಯಾಡ" ಅಂದ ಬೀರಲಿಂಗಯ್ಯ.

ಗಂಗಯ್ಯ ಮೊಣಕೈಯಿಂದ ತಿವಿದ. ಚಿಕ್ಕರಾಜು ಶಾಲೆಯ ಹುಡುಗನಂತೆ ಎದ್ದು ನಿಂತು, ಕೈಕಟ್ಟಿ, ಕಣ್ಣು ಮುಚ್ಚಿ ಕೇಳಿಯೇಬಿಟ್ಟ: "ವಾಟ್ ಡು ಯು ಥಿಂಕ್ ಅಬೌಟ್ ದಿಸ್ ಮ್ಯಾರೇಜ್?"

ಒಂದಕ್ಷರ ತಪ್ಪಿರಲಿಲ್ಲ. ಹೆಣ್ಣಿನ ಕಡೆಯ ಹೆಂಗಸರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. ಮಾನ್ಯಳ ಮುಖ ಅರಳಿತು. ಅವಳು ಟ್ರೇ ಕೆಳಗಿಟ್ಟು, ಎದುರಿನ ಕುರ್ಚಿಯಲ್ಲಿ ಕುಳಿತು, ಉತ್ತರ ಹೇಳಲು ಶುರುಮಾಡಿದಳು.

ಅಯ್ಯೋ ಶಿವನೇ, ಅದೇನು ಉತ್ತರ! ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಚಿಕ್ಕರಾಜುವಿನ ಕಿವಿಗೆ ಸಿಕ್ಕಿದ್ದು ಲವ್, ಮ್ಯಾರೇಜ್, ಫಾದರ್, ಹೆಲ್ಪ್ ಅಷ್ಟೇ. ಲವ್ ಮತ್ತು ಮ್ಯಾರೇಜ್ ಎರಡೇ ಇಟ್ಟುಕೊಂಡು ಅವನು ಮನಸ್ಸಿನಲ್ಲಿ ಚಪ್ಪರ ಹಾಕಿಸಿಬಿಟ್ಟ. ಅವಳು ಉಸಿರು ತೆಗೆದುಕೊಂಡಾಗಲೆಲ್ಲ "ಎಸ್" ಅಂದ. ಅವಳ ಕಣ್ಣು ಒದ್ದೆಯಾದಾಗ ಕರಗಿ "ನೋ ಪ್ರಾಬ್ಲಮ್, ನೋ ಪ್ರಾಬ್ಲಮ್" ಅಂದ. ಕೊನೆಗೆ ಅವಳು "ಪ್ರಾಮಿಸ್?" ಅಂದಳು. ಅದು ಅವನಿಗೆ ಗೊತ್ತಿತ್ತು.

"ಪ್ರಾಮಿಸ್!" ಅಂದ ಎದೆಯುಬ್ಬಿಸಿ.

"ಏನಂದ್ಲಪ್ಪ ಅಷ್ಟುದ್ದ?" ಅಂದ ಬೀರಲಿಂಗಯ್ಯ ಆಸೆಯಿಂದ.

"ಒಪ್ಕೊಂಡ್ರು ಮಾವ" ಅಂದ ಚಿಕ್ಕರಾಜು. ಮಾವ ಅಂದದ್ದು ತಾನೇ ಬಾಯಿಗೆ ಬಂದಿತ್ತು. ಅಂಬಮ್ಮ ಬೀಗಿತ್ತಿಯ ಬಾಯಿಗೆ ಕೇಸರಿಬಾತು ಇಟ್ಟೂ ಆಯಿತು.

ಆಗ ಮಾನ್ಯ ಎದ್ದು ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಬೈಬೇಡ. ನಮ್ಮ ಸ್ಕೂಲಲ್ಲಿ ಸೈನ್ಸ್ ಹೇಳ್ಕೊಡೋ ದೇಬಾಶಿಷ್ ಅಂತ, ಒಡಿಶಾದವ್ರು. ನಾನು ಅವ್ರನ್ನ ಒಪ್ಪಿದೀನಿ. ನಿನ್ನ ಮುಂದೆ ಹೇಳೋಕೆ ಭಯ. ಇಂಗ್ಲಿಷ್ ಬರೋ ಹುಡುಗ ಬಂದ್ರೆ ಎಲ್ಲಾರ ಎದುರಿಗೇ ಹೇಳ್ಕೊಂಡು ಸಹಾಯ ಕೇಳೋಣ ಅಂತಲೇ ಬೆಳಿಗ್ಗೆ ವಿಚಾರಿಸ್ದೆ. ಇವ್ರಿಗೆ ಎಲ್ಲಾ ಹೇಳಿದೀನಿ. ನಿನ್ನ ಒಪ್ಪಿಸ್ತೀನಿ ಅಂತ ಪ್ರಾಮಿಸ್ ಮಾಡಿದಾರೆ. ನೀವೆಲ್ಲ ಕೇಳಿಸ್ಕೊಂಡ್ರಲ್ಲ!"

ಬೀರಲಿಂಗಯ್ಯ ನಿಧಾನವಾಗಿ ಚಿಕ್ಕರಾಜುವಿನ ಕಡೆ ತಿರುಗಿದ.

"ಹೌದೇನಪ್ಪ? ಇಷ್ಟೆಲ್ಲ ತಿಳ್ದೂ ಎಸ್ ಎಸ್ ಅಂದ್ಯಾ?"

ಇಲ್ಲ ಅಂದರೆ ಇಂಗ್ಲಿಷ್ ಬಾರದು ಎಂದು ಒಪ್ಪಿಕೊಂಡಂತೆ. ಅವ್ವನ ಮಾನ ಹೋಯಿತು. ಹೌದು ಅಂದರೆ ಹೆಣ್ಣು ಹೋಯಿತು. ಚಿಕ್ಕರಾಜು ತಲೆಯೆತ್ತಿದ. ಮಾನ್ಯ ಅವನನ್ನೇ ನೋಡಿ ಬಾಯ್ತುಂಬ ನಗುತ್ತಿದ್ದಳು, ಫೋಟೋದಲ್ಲಿದ್ದ ಅದೇ ನಗು. ಹಾಳಾದ ಎದೆ ಅಲ್ಲೇ ಸೋತಿತು.

"ಎಸ್" ಅಂದ. ಆಮೇಲೆ ಕನ್ನಡದಲ್ಲಿ ಹೇಳಿದ: "ಮಗಳು ಕದ್ದು ಓಡೋಗಿಲ್ಲ ಕಣಣ್ಣ. ನಿಮ್ಮೆದ್ರಿಗೆ ನಿಂತು ಹೇಳವ್ಳೆ. ಅಂಥ ಮಗಳ ಮಾತು ಒಂದು ಸತಿ ಕೇಳಿ."

ಅಂಬಮ್ಮ ಅವನ ತೊಡೆ ಚಿವುಟಿದ್ದು ಇನ್ನೂ ಕಪ್ಪಗಿದೆಯಂತೆ.

ಬೀರಲಿಂಗಯ್ಯ ಹೆಂಡತಿಯೊಡನೆ ಒಳಗೆ ಹೋದ. ಬಹಳ ಹೊತ್ತು ಮಾತು ನಡೆಯಿತು, ಒಂದು ಪಾತ್ರೆಯೂ ಬಿತ್ತು. ಹೊರಗೆ ಬಂದವನೇ ಚಿಕ್ಕರಾಜುವನ್ನು ಗಟ್ಟಿಯಾಗಿ ತಬ್ಬಿಕೊಂಡ.

"ನಿನ್ನಂಥೋನ್ನ ಅಳಿಯ ಮಾಡ್ಕಳೋ ಯೋಗ ನಂಗಿಲ್ಲ ಕಣಪ್ಪ. ಒಪ್ಪಿದ್ದೀನಿ ಅಂತಲ್ಲ, ನೋಡ್ತೀನಿ ಅಂದಿದ್ದೀನಿ. ಬರೋ ಭಾನುವಾರ ಆ ಹುಡುಗ ಬತ್ತಾನೆ. ಅವನಿಗೆ ಕನ್ನಡ ಬರಕ್ಕಿಲ್ವಂತೆ, ನಮ್ಗೆ ಇಂಗ್ಲಿಷ್ ಬರಕ್ಕಿಲ್ಲ. ಮಗಳನ್ನೇ ಮಧ್ಯೆ ಕೂರಿಸಿ ಕೇಳಕ್ಕಾಯ್ತದಾ? ಅವನ ಮನೆತನ, ಗುಣ, ನಡತೆ ಎಲ್ಲಾ ನೀನೇ ಕೇಳ್ಬೇಕು. ಅವನಂದಿದ್ದ ನಮ್ಗೆ ಬುಡಿಸಿ ಹೇಳ್ಬೇಕು. ನಿನ್ನ ಮಾತಿನ ಮೇಲೇ ತೀರ್ಮಾನ ಮಾಡದು. ಇಲ್ಲ ಅನ್ಬ್ಯಾಡ ಮಗ."

"ಪ್ಲೀಸ್" ಅಂದಳು ಮಾನ್ಯ.

ಚಿಕ್ಕರಾಜು ಇಲ್ಲ ಅನ್ನಲಿಲ್ಲ. ಅವನ ಬಾಯಿಗೆ ಆ ದಿನ ಅದು ಬರುತ್ತಲೇ ಇರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅಂಬಮ್ಮ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಿದ್ದಳು. ಗಂಗಯ್ಯ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ್ದ. ಚಿಕ್ಕರಾಜು ಕಿಟಕಿಯಾಚೆ ನೋಡುತ್ತ ಕುಳಿತಿದ್ದವನು, ರಾಮನಗರ ದಾಟಿದ ಮೇಲೆ ಮೆಲ್ಲಗೆ ಗಂಗಯ್ಯನ ಭುಜ ಅಲ್ಲಾಡಿಸಿದ.

"ಮಾವ, 'ನಮ್ಮ ಹುಡುಗೀನ ಚೆನ್ನಾಗಿ ನೋಡ್ಕತ್ತೀಯಾ' ಅಂತ ಇಂಗ್ಲಿಷಲ್ಲಿ ಹೆಂಗೆ ಕೇಳದು?"