ಸಿ ಡ್ರೈವಿಗೊಂದಿಷ್ಟು ಜಾಗ

ಕೆಟ್ಟದ್ದನ್ನು ರಿಪೇರಿ ಮಾಡುವ ಚಟ ಕೆಲವರಿಗಿರುತ್ತದೆ. ನನಗಿರುವುದು ಹೇಗೋ ನಡೆದುಕೊಂಡು ಹೋಗುತ್ತಿರುವುದನ್ನು ರಿಪೇರಿ ಮಾಡುವ ಚಟ. ನಮ್ಮ ಮನೆಯ ಹಳೆಯ ಕಂಪ್ಯೂಟರಿನ ಡಿಸ್ಕನ್ನು ಸಿ ಮತ್ತು ಡಿ ಎಂದು ಎರಡು ಪಾಲು ಮಾಡಿದ್ದರು. ಸಿ ತುಂಬಿಹೋಗಿ ದಿನಕ್ಕೆ ಹತ್ತು ಸಲ ಜಾಗವಿಲ್ಲವೆಂದು ಗೋಳಾಡುತ್ತಿತ್ತು. ಡಿ ಅರ್ಧಕ್ಕರ್ಧ ಖಾಲಿ. ಬಸವೇಶ್ವರನಗರದ ಮೂವತ್ತು-ನಲವತ್ತರ ಸೈಟಿನಲ್ಲಿ ಎರಡು ಬಾಡಿಗೆ ಸಂಸಾರಗಳನ್ನೂ ಇಟ್ಟುಕೊಂಡು ಬದುಕುವ ನನಗೆ ಅಷ್ಟು ಜಾಗ ಸುಮ್ಮನೆ ಬಿದ್ದಿರುವುದನ್ನು ಕಂಡು ಹೊಟ್ಟೆ ಉರಿಯಿತು. ನಡುವಿನ ಗೆರೆಯನ್ನು ಒಂದಿಷ್ಟು ಆಚೆ ಸರಿಸಿದರಾಯಿತಲ್ಲ!

“ರೀ, ಡಿಯಲ್ಲಿ ಅಮ್ಮನ ಹಾಡಿದೆ,” ಎಂದಳು ನನ್ನ ಹೆಂಡತಿ ಸರೋಜ. ತೀರಿಹೋದ ನಮ್ಮ ಅತ್ತೆ ಹಾಡಿದ ಸೋಬಾನೆ ಪದಗಳವು. ಅವನ್ನು ರೆಕಾರ್ಡ್ ಮಾಡಿದ್ದ ಫೋನನ್ನು ಎಂದೋ ಎಕ್ಸ್‌ಚೇಂಜಿಗೆ ಕೊಟ್ಟಾಗಿತ್ತು.

“ಏನೂ ಆಗಲ್ಲ ಕಣೇ, ಮೂರು ಕಾಪಿ ಮಾಡಿಟ್ಟಿದೀನಿ,” ಎಂದೆ. ಸುಳ್ಳಲ್ಲ, ಮಾಡಿದ್ದೆ.

ಭಾನುವಾರ ರಾಹುಕಾಲಕ್ಕೆ ಮುಂಚೆ ಮುಗಿಸೋಣವೆಂದು ಮಧ್ಯಾಹ್ನವೇ ಕುಳಿತೆ. ಮೌಸಿನಿಂದ ಗೆರೆ ಎಳೆದು ಒತ್ತಿದೆ. ಮುಗಿಯುವ ತನಕ ಕಂಪ್ಯೂಟರ್ ಆಫ್ ಮಾಡಬೇಡಿ ಎಂದಿತು. ನೂರಕ್ಕೆ ನಲವತ್ತೊಂದು ಆಗುವ ಹೊತ್ತಿಗೆ ಎದುರುಮನೆಯವರು ಕೂಗಿದರು: “ಸರೋಜಾ, ಕಾವೇರಿ ಬಂತು ಕಣೇ!” ನೀರು ಬಂದೊಡನೆ ಸಂಪಿನಲ್ಲಿದ್ದದ್ದನ್ನು ಮೇಲಿನ ಟ್ಯಾಂಕಿಗೆ ಹತ್ತಿಸಿ ಜಾಗ ಮಾಡಿಕೊಳ್ಳುವುದು ನಮ್ಮ ಬೀದಿಯ ಪದ್ಧತಿ.

“ರೀ, ಮೋಟಾರ್ ಹಾಕ್ಲಾ?”

ಪರದೆಯಿಂದ ಕಣ್ಣು ತೆಗೆಯದೆ, “ಹಾಕು, ಹಾಕು,” ಎಂದೆ. ಮೋಟಾರು ಒಮ್ಮೆ ಗುರ್ ಎಂದಿತು, ಮನೆಯ ಫ್ಯೂಸು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಸತ್ತು ಎರಡು ವರ್ಷವಾಗಿ, ಅದರ ಮೇಲೆ ನಾವು ಹೂಕುಂಡ ಇಟ್ಟಿದ್ದೆವು.

ಕುರುಬರಹಳ್ಳಿಯ ರಿಪೇರಿ ಅಂಗಡಿಯಾತ ಎರಡು ದಿನ ನೋಡಿ, “ಸಾರ್, ಡಿ ಪೂರ್ತಿ ಹೋಗಿದೆ. ಬ್ಯಾಕಪ್ ಇಲ್ವಾ?” ಎಂದ.

“ಇದೆಯಲ್ಲಪ್ಪ, ಮೂರಿದೆ.”

“ಎಲ್ಲಿದೆ ಸಾರ್?”

“ಡಿಯಲ್ಲೇ.”

ಆತ ನಗಲಿಲ್ಲ, ಪುಣ್ಯಾತ್ಮ. ಮನೆಪತ್ರದ ಒರಿಜಿನಲ್ಲು, ಅದರ ಜೆರಾಕ್ಸು, ಜೆರಾಕ್ಸಿನ ಜೆರಾಕ್ಸು ಎಲ್ಲವನ್ನೂ ಒಂದೇ ಬೀರುವಿನ ಒಂದೇ ಲಾಕರಿನಲ್ಲಿಟ್ಟು ನೆಮ್ಮದಿಯಾಗಿ ನಿದ್ದೆ ಮಾಡುವ ವಂಶ ನಮ್ಮದು ಎಂದು ಅವನಿಗೆ ಹೇಗೆ ಹೇಳಲಿ?

ಸರೋಜ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನೇ ಸಮಾಧಾನ ಹೇಳಹೋದೆ: “ಆ ಹಾಡೆಲ್ಲ ನಿಂಗೆ ಬಾಯಿಗೆ ಬರುತ್ತಲ್ಲ, ನೀನೇ ಹಾಡು. ಮತ್ತೆ ರೆಕಾರ್ಡ್ ಮಾಡೋಣ.”

“ಹಾಡು ಬರುತ್ತೆ ರೀ,” ಎಂದಳು. “ಅಮ್ಮನ ದನಿ ಎಲ್ಲಿಂದ ತರ್ಲಿ?”

ಅಂಗಡಿಯಾತ ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟಿದ್ದಾನೆ. ಸಿ ಡ್ರೈವಿನಲ್ಲಿ ಈಗ ನಾನು ಕೇಳಿದ್ದಕ್ಕಿಂತ ನಾಲ್ಕು ಪಟ್ಟು ಜಾಗವಿದೆ. ದಿನಾ ತೆರೆದು ನೋಡುತ್ತೇನೆ. ಅದರಲ್ಲಿ ಇಡುವಂಥದ್ದು ನಮ್ಮ ಮನೆಯಲ್ಲಿ ಏನೂ ಉಳಿದಿಲ್ಲ.