ಎಡಕ್ಕೆ ತಿರುಗಿದರೆ ಕೂಗುವ ಕಾರು

ಕೈಯಲ್ಲೊಂದು ಸ್ಕ್ರೂಡ್ರೈವರ್ ಇದ್ದರೆ ನನಗೆ ದೇವರ ನೆನಪೂ ಆಗುವುದಿಲ್ಲ. ಇದು ಸೊಕ್ಕಲ್ಲ, ಸ್ವಭಾವ. ವಿಜಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ದಿನಾ ಕರಿಹಲಗೆಯ ಮೇಲೆ ಬ್ಯಾಟರಿ, ತಂತಿ, ಬಲ್ಬು ಬರೆದು ಬರೆದು, ಲೋಕದ ತಂತಿಗಳೆಲ್ಲ ತನ್ನ ಮಾತು ಕೇಳುತ್ತವೆ ಎಂದುಕೊಂಡರೆ ತಪ್ಪೇನು? ನಾನು ರಿಪೇರಿ ಮಾಡಿದ ಇಸ್ತ್ರಿ ಪೆಟ್ಟಿಗೆ ಆಮೇಲೆ ಮೂರು ವರ್ಷ ನಮ್ಮ ಹಿತ್ತಲ ಬಾಗಿಲಿಗೆ ಒತ್ತಾಗಿ ಕೂತಿತ್ತು, ನಿಜ. ಆದರೆ ಆ ಮೂರು ವರ್ಷದಲ್ಲಿ ಬಾಗಿಲು ಒಮ್ಮೆಯೂ ಗಾಳಿಗೆ ಬಡಿಯಲಿಲ್ಲ. ಅದನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ.

ಎಪ್ಪತ್ತರ ದಶಕದ ನಡುವೆ ನಾನೊಂದು ಹಳೇ ಕಾರು ಕೊಂಡೆ. ನನಗಿಂತ ಮೊದಲು ಮೂವರು ಅದನ್ನು ಓಡಿಸಿ ಕೈತೊಳೆದುಕೊಂಡಿದ್ದರು. ಅದಕ್ಕೊಂದು ಚಟ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ತೆಪ್ಪಗಿರುತ್ತಿತ್ತು. ಎಡಕ್ಕೆ ತಿರುಗಿಸಿದರೆ ಹಾರ್ನ್ ತಾನಾಗಿ ಕೂಗುತ್ತಿತ್ತು. ಕಾರಣ ನನಗೆ ಮೊದಲ ದಿನವೇ ತಿಳಿಯಿತು. ಹಾರ್ನಿನ ಗುಂಡಿಯಿಂದ ಸ್ಟೇರಿಂಗಿನ ಕೊಳವೆಯೊಳಗೆ ಇಳಿಯುವ ತಂತಿಯ ಹೊದಿಕೆ ಸವೆದಿದೆ. ಎಡಕ್ಕೆ ತಿರುಗಿದಾಗ ಬತ್ತಲೆ ತಂತಿ ಕಬ್ಬಿಣಕ್ಕೆ ತಾಗುತ್ತದೆ, ಹಾರ್ನು ಯಾರೋ ಗುಂಡಿ ಒತ್ತಿದರೆಂದು ತಿಳಿಯುತ್ತದೆ. ಕಾರಣ ತಿಳಿದರೆ ರಿಪೇರಿ ಅರ್ಧ ಮುಗಿಯಿತೆಂದು ನಾನು ನಂಬಿದವನು. ಹೀಗಾಗಿ ಅದು ನಾಲ್ಕು ತಿಂಗಳು ಅರ್ಧ ಮುಗಿದೇ ಇತ್ತು.

ಅಷ್ಟರಲ್ಲಿ ಬಬಲೇಶ್ವರದಲ್ಲಿ ನನ್ನ ಹೆಂಡತಿ ಶಾಂತಾಳ ಕಾಕು, ಅಂದರೆ ಚಿಕ್ಕಮ್ಮ, ತೀರಿಕೊಂಡರು. ತಾಯಿಯಿಲ್ಲದ ಶಾಂತಾಳನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಜ್ವರದಲ್ಲಿ ಮಲಗಿದ್ದ ಇವಳಿಗೆ ಮಣ್ಣು ಮಾಡುವಾಗಲೂ ಹೋಗಲಾಗಲಿಲ್ಲ. ಒಂಬತ್ತನೆಯ ದಿನ ಮಾತಾಡಿಸಿ ಬರಲು ಹೊರಟೆವು. ನಮ್ಮ ಕಡೆ ಸತ್ತವರ ಮನೆಯಿಂದ ಏಳುವಾಗ ‘ಬರ್ತೀವಿ’ ಎನ್ನಬಾರದು. ಇಂಥದೇ ಕಾರಣಕ್ಕೆ ಮತ್ತೆ ಬರುತ್ತೇವೆ ಎಂದಂತಾಗುತ್ತದೆ. ಹೇಳದೆ ಕೇಳದೆ ಎದ್ದು ಹೋಗಬೇಕು.

ಕಾರು ಹತ್ತುವ ಮೊದಲೇ ಶಾಂತಾ ಹೇಳಿದಳು: “ನನಗ ತವರು ಅಂತ ಉಳದದ್ದು ಆ ಮನಿ ಒಂದ ನೋಡ್ರಿ. ಮಣ್ಣಿಗೂ ಬರಲಿಲ್ಲ ಅಂತ ಮೊದಲ ಮಂದಿ ಆಡಾಕತ್ತಾರ. ಅಲ್ಲಿ ನಿಮ್ಮ ಕಾರು ಒದರಿದ್ರ ನಾ ಮತ್ತ ಆ ಹೊಸ್ತಲಾ ತುಳ್ಯಾಂಗಿಲ್ಲ.”

ಅವಳ ಹಟಕ್ಕೆ ತಿಕೋಟಾ ಸುತ್ತುಹಾಕಿ ಹೋದೆವು. ಅಲ್ಲೊಬ್ಬ ಕಾರು ರಿಪೇರಿಯ ಮಿಸ್ತ್ರಿ ಇದ್ದ. ಅಲ್ಲಿಗೆ ಮುಟ್ಟುವ ಮೊದಲೇ ತೊರವಿಯ ತಿರುವಿನಲ್ಲಿ ಹಾರ್ನು ಕೂಗಿ, ಒಂದು ಕುರಿಹಿಂಡು ಎರಡಾಗಿ, ಕುರುಬನಿಂದ ನನ್ನ ವಂಶದ ವಿಚಾರವಾಗಿ ನಾಲ್ಕು ಮಾತು ಕೇಳಿದ್ದೂ ಆಗಿತ್ತು. ಮಿಸ್ತ್ರಿ ನೋಡಿ, “ಹಾರ್ನಿಂದ ವಾಯರ್ ಕಳಚಿಬಿಡತೇನ್ರಿ ಮಾಸ್ತರ್ರ, ತಂಟೇನ ಬ್ಯಾಡ” ಎಂದ.

“ಕಳಚೋದು ರಿಪೇರಿ ಏನಪಾ? ಅದು ಸೋಲು” ಎಂದೆ. ಅವನ ಸಲಕರಣೆಯನ್ನೇ ಇಸಿದುಕೊಂಡು ಗುಂಡಿ ಬಿಚ್ಚಿ, ಬೆರಳು ಹೋಗುವಷ್ಟು ಆಳಕ್ಕೆ ಟೇಪು ಸುತ್ತಿದೆ. ಮೂರು ಸಲ ಎಡಕ್ಕೆ ತಿರುಗಿಸಿದೆ. ಸದ್ದಿಲ್ಲ. ಶಾಂತಾಳ ಮುಖ ನೋಡಿದೆ. ಅವಳು ಮಿಸ್ತ್ರಿಯ ಮುಖ ನೋಡುತ್ತಿದ್ದಳು.

ಬಬಲೇಶ್ವರದವರೆಗೂ ಕಾರು ಉಸಿರೆತ್ತಲಿಲ್ಲ. ಕಾಕುವಿನ ಗಂಡ, ಕಾಕಾ, ಗೋಡೆಗೆ ಒರಗಿ ಕೂತಿದ್ದರು. ಶಾಂತಾ ಅತ್ತಳು, ಹೆಂಗಸರು ಅತ್ತರು. ಹೊತ್ತಾದ ಮೇಲೆ ಯಾರಿಗೂ ಹೇಳದೆ ಎದ್ದು ಬಂದು ಕಾರಿನಲ್ಲಿ ಕೂತೆವು. ಆ ಓಣಿಯಿಂದ ಹೊರಬೀಳಲು ಎಡಕ್ಕೇ ತಿರುಗಬೇಕು. ನಿಶ್ಚಿಂತೆಯಿಂದ ತಿರುಗಿಸಿದೆ.

ಕಾರು ಅಂದು ಕೂಗಿದಂತೆ ಎಂದೂ ಕೂಗಿರಲಿಲ್ಲ. ಸ್ಟೇರಿಂಗ್ ನೆಟ್ಟಗೆ ಮಾಡಿದರೂ ನಿಲ್ಲಲಿಲ್ಲ. ಗುಂಡಿಗೆ ಗುದ್ದಿದ ಮೇಲೆ ನಿಂತಿತು. ಓಣಿಯ ಬಾಗಿಲುಗಳೆಲ್ಲ ತೆರೆದವು. ಮುದುಕಿಯೊಬ್ಬಳು, “ಯವ್ವಾ! ಸತ್ತ ಮನ್ಯಾಗ ಹೇಳಿ ಹೊಂಟಾರಲ್ಲ! ಬುದ್ಧಿ ಐತೋ ಇಲ್ಲೋ ಇವರಿಗೆ?” ಎಂದು ಬಾಯಿ ಮಾಡಿದಳು. ಶಾಂತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಕಾಕಾ ಹೊಸ್ತಿಲು ದಾಟಿ ಬಂದರು. “ಬೈಬ್ಯಾಡಬೇ ಅವರನ್ನ” ಎಂದರು ಮುದುಕಿಗೆ. “ಇಕಿ ಇದ್ದಾಗ ಯಾರರ ಹೇಳಲಾರದ ಹ್ವಾದ್ರ ವಾರಗಟ್ಟಲೆ ಸಿಟ್ಟು ಮಾಡತಿದ್ದಳು. ಒಂಬತ್ತು ದಿನ ಆತು, ಬಂದವರೆಲ್ಲಾ ಹೇಳಲಾರದ ಎದ್ದೆದ್ದು ಹೋಗಾಕತ್ತಾರ. ನನಗ ತಡಕೊಳ್ಳಾಕ ಆಗವಲ್ತು.” ಆಮೇಲೆ ಕಿಟಕಿಯ ಹತ್ತಿರ ಬಾಗಿ ಹೇಳಿದರು: “ಮಾಸ್ತರ್ರ, ಇನ್ನೊಮ್ಮೆ ಹೊಡೀರಿ. ಆಕಿಗೆ ಕೇಳ್ಲಿ.”

ನಾನು ಗುಂಡಿ ಒತ್ತಿದೆ. ಸದ್ದಿಲ್ಲ. ಹೆಬ್ಬೆರಳು ನೋಯುವಂತೆ ಒತ್ತಿದೆ. ಎಡಕ್ಕೆ ಪೂರ್ತಿ ತಿರುಗಿಸಿದೆ. ಊಹುಂ. ಕಾರಣ ಆ ಕ್ಷಣವೇ ಹೊಳೆಯಿತು: ನನ್ನ ಗುದ್ದಿಗೆ ಸವೆದ ತಂತಿ ಪೂರ್ತಿ ಹರಿದಿದೆ. ಕಾಕಾ ಕಾಯುತ್ತ ನಿಂತಿದ್ದರು. ಅವರಿಗೆ ವಿದ್ಯುತ್ತಿನ ಪಾಠ ಹೇಳುವಂತಿರಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, ಆ ತೆರೆದ ಬಾಗಿಲಿನ ಕಡೆ ಮುಖಮಾಡಿ, ಓಣಿಗೆಲ್ಲ ಕೇಳುವಂತೆ ನಾನೇ ಕೂಗಿದೆ: “ಕಾಕು, ನಾವು ಹೋಗಿ ಬರ್ತೀವ್ರೀ!”

ಊರು ದಾಟಿದ ಮೇಲೆ ಶಾಂತಾ ಕಣ್ಣೊರೆಸಿಕೊಂಡು, “ನಿಮ್ಮ ದನಿ ಒಡದಿತ್ತಲ್ರೀ” ಎಂದಳು.

“ಧೂಳು” ಎಂದೆ, ಎಂದಿನ ಖಚಿತ ದನಿಯಲ್ಲಿ ಹೇಳಲು ಹೋಗಿ. ಅದೂ ಒಡೆದೇ ಬಂತು. ಈ ದೋಷದ ಕಾರಣವೂ ನನಗೆ ಚೆನ್ನಾಗಿ ಗೊತ್ತಿತ್ತು. ವಿಜಾಪುರ ಬರುವವರೆಗೂ ರಿಪೇರಿ ಮಾತ್ರ ಆಗಲಿಲ್ಲ.