ಹೇಳಿದವರದೇ ಹೆಸರು

ನಮ್ಮ ಮನೆಯವರು ಹಳೆಯ ಗ್ರೈಂಡರಿನ ಡಬ್ಬಿಗೆ ಗ್ರಾಮಫೋನಿನ ಕಹಳೆ ಹಚ್ಚಿ, ತಳ್ಳುಗಾಡಿಯ ಮೇಲೆ ಹೇರಿಕೊಂಡು ಪಾರವ್ವಕ್ಕನ ಖಾನಾವಳಿಗೆ ಹೊರಟಾಗಲೇ ನನ್ನ ಎದೆ ಧಸಕ್ಕೆಂದಿತು. ಬೆಟಗೇರಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವರು ಮೋಟಾರ್ ಸುತ್ತಿಕೊಂಡು ಸುಮ್ಮನಿರಬಾರದೆ! ಅವರ ಹೆಸರೇನು ಎಂದು ಕೇಳಬೇಡಿ. ಗಂಡನ ಹೆಸರನ್ನು ನಾನೂ ಬಾಯಿಂದ ಆಡುವವಳಲ್ಲ.

"ಇದು ನಾಮಯಂತ್ರ!" ಎಂದು ಖಾನಾವಳಿಯ ನಡುವೆ ನಿಂತು ಸಾರಿದರು. "ಅಂಗಡಿ ಹೆಸರು ಹೇಳಿದ್ರ ಸಾಕು, ದಿಲ್ಲ್ಯಾಗ ನೋಂದಣಿ ಆಗಿ ಬಿಲ್ಲೆ ಇಲ್ಲೇ ಉದುರತೈತಿ!"

"ಹ್ವಾದ ಸಲ ರೊಟ್ಟಿ ಬಡಿಯೋ ಯಂತ್ರ ಅಂದ್ರಿ. ಅದು ನನ್ನ ಕೈ ಬಡೀತು!" ಎಂದೆ ನಾನು.

"ನೀ ಸುಮ್ನಿರು. ನೋಡ್ರಿ ಪಾರವ್ವಕ್ಕಾ!" ಎಂದು ಕಹಳೆಗೆ ಬಾಯಿಟ್ಟು ತಮ್ಮ ಅಂಗಡಿಯ ಹೆಸರು ಕೂಗಿದರು. ಟ್ರಿಣ್! ಹಿತ್ತಾಳೆ ಬಿಲ್ಲೆ ಬಿತ್ತು. "ಯಾರ ದನಿಯೋ ಅವರ ಹೆಸರು! ಮೋಸಕ್ಕ ಜಾಗಾನ ಇಲ್ಲ!"

ಆ ವರ್ಷ ಹೊಸ ಕಾನೂನು ಬಂದಿತ್ತು. ದೇಶದಲ್ಲಿ ಒಂದು ಹೆಸರು ಒಬ್ಬ ವ್ಯಾಪಾರಿಗೆ ಮಾತ್ರ. ನೋಂದಣಿಯಾಗದ ಅಂಗಡಿಯ ಶಟರಿಗೆ ಸರಕಾರಿ ಬೀಗ ತಾನೇ ಬೀಳುತ್ತದೆ. ಅಂದು ಸಂಜೆಗೆ ಗಡುವು ಮುಗಿಯುತ್ತಿತ್ತು, ನೋಂದಣಿ ಕಚೇರಿಯ ಮುಂದಿನ ಸರದಿ ರೈಲ್ವೆ ಸ್ಟೇಶನ್ ಮುಟ್ಟಿತ್ತು.

ಪಾರವ್ವಕ್ಕನ ಬೋರ್ಡಿನ ಮೇಲೆ 'ಅಡಿವೆಪ್ಪನ ಖಾನಾವಳಿ' ಎಂದಿತ್ತು. ಅಡಿವೆಪ್ಪ ಆಕೆಯ ಗಂಡ. ಹೋದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ. ಬೇರೆ ಹೆಸರಿಡು ಎಂದು ಬುದ್ಧಿ ಹೇಳಿದವರಿಗೆಲ್ಲ ಆಕೆಯದು ಒಂದೇ ಉತ್ತರ: "ಅವರಂತೂ ಹ್ವಾದ್ರು. ಹೆಸರರೆ ಬಾಗಲದಾಗ ಇರಲಿ."

ನಮ್ಮ ಮನೆಯವರು ಕಹಳೆಯನ್ನು ಆಕೆಯತ್ತ ತಿರುಗಿಸಿದರು. "ವ್ಯಾಪಾರದ ಹೆಸರು ಹೇಳಿ," ಎಂದಿತು ಯಂತ್ರ, ಬಸ್‌ಸ್ಟ್ಯಾಂಡಿನ ಮೈಕಿನ ದನಿಯಲ್ಲಿ.

ಪಾರವ್ವಕ್ಕ ಸೆರಗು ಬಾಯಿಗೆ ಹಿಡಿದಳು. "ಅಯ್ಯ ಬ್ಯಾಡ್ರಿ!"

ಟ್ರಿಣ್! 'ಅಯ್ಯ ಬ್ಯಾಡ್ರಿ' ಎಂಬ ಬಿಲ್ಲೆ ಬಿತ್ತು. ಮಾಲಕಿ, ಪಾರವ್ವ!

"ಅದಲ್ರೀ ಅಕ್ಕಾ! ಹೆಸರು, ಹೆಸರು!" ಎಂದರು ನಮ್ಮ ಮನೆಯವರು, ಕಹಳೆಯ ಹಿಂದಿನಿಂದ.

"ಅವರ ಹೆಸರಽ ರೀ."

ಟ್ರಿಣ್! 'ಅವರ ಹೆಸರು.'

"ಮದುವ್ಯಾಗ ಒಡಪಿನ ಪದ ಕಟ್ಟಿ ಗಂಡನ ಹೆಸರು ಹೇಳಿದ್ದಿಲ್ಲೇನ?" ಎಂದು ನಾನು ಆಕೆಯ ಕಿವಿಯಲ್ಲಿ ಕೇಳಿದೆ.

"ಎಲ್ಲೀದವ್ವ! ನಾ ಅಳಕೋತ ಕುಂತಿದ್ದೆ. ನಮ್ಮತ್ತಿನ ಹೇಳಿದ್ಲು."

ಟ್ರಿಣ್! ಅದೂ ಒಂದು ಬಿಲ್ಲೆ! ಊಟಕ್ಕೆ ಕೂತವರು ರೊಟ್ಟಿ ಮುರಿಯುವುದನ್ನು ಬಿಟ್ಟು ನಗತೊಡಗಿದರು. ಹೊರಗೆ ಬಿಸಿಲು ಇಳಿಯುತ್ತಿತ್ತು. ಪಾರವ್ವಕ್ಕ ಮಾತ್ರ ಬೆವತು ಹೋಗಿದ್ದಳು.

ನಮ್ಮ ಮನೆಯವರ ತಾಳ್ಮೆ ಎಷ್ಟೆಂದು ನನಗೆ ಗೊತ್ತು. ಅವರ ಬಾಯಿ ಮುಚ್ಚಿಸಲು ಓಡಿದೆ, ಆದರೆ ತಡವಾಗಿತ್ತು.

"ಅಷ್ಟ್ಯಾಕ ನಾಚತೀರಿ? ಅಡಿವೆಪ್ಪನ ಖಾನಾವಳಿ ಅನ್ರಿ! ಅಡಿವೆಪ್ಪನ ಖಾನಾವಳಿ!" ಎಂದು ಅವರು ಕಹಳೆಗೇ ಬಾಯಿಟ್ಟು ಕೂಗಿದರು.

ಟ್ರಿಣ್!

ಯಾರೂ ನಗಲಿಲ್ಲ. ಬಿಲ್ಲೆಯನ್ನು ನಾನೇ ಎತ್ತಿಕೊಂಡೆ. ಮಾಲೀಕರ ಜಾಗದಲ್ಲಿ ನನ್ನ ಗಂಡನ ಹೆಸರು ಹೊಳೆಯುತ್ತಿತ್ತು.

"ವಾಪಸ್ ತೊಗೋ!" ಎಂದು ಅವರು ಡಬ್ಬಿಗೆ ಒದ್ದರು.

"ಕೊಟ್ಟ ಹೆಸರು ಹಿಂದಕ್ಕೆ ಬರುವುದಿಲ್ಲ," ಎಂದಿತು ಯಂತ್ರ.

ತಂತಿ ಕಿತ್ತರು. ಅದು ಬ್ಯಾಟರಿಯ ಮೇಲೆ ಅದನ್ನೇ ಮತ್ತೆ ಹೇಳಿತು! ನನಗೆ ಆ ಕಹಳೆಯನ್ನು ಅವರ ತಲೆಗೇ ತೊಡಿಸಬೇಕೆನ್ನಿಸಿತು.

ಪಾರವ್ವಕ್ಕ ಸೆರಗು ಬಿಟ್ಟಳು. ತಾನೇ ಹೇಳಿದರೆ ಹೆಸರು ತನಗೆ ಬಂದೀತು ಎಂದುಕೊಂಡಳೋ ಏನೋ, ಗೋಡೆಯ ಮೇಲಿನ ಫೋಟೋವನ್ನೊಮ್ಮೆ ನೋಡಿ ಕಹಳೆಯ ಮುಂದೆ ಬಂದು ನಿಂತಳು.

"ಅಡಿವೆಪ್ಪ," ಎಂದು ಪಿಸುಗುಟ್ಟಿದಳು. ಇನ್ನೊಮ್ಮೆ ಗಟ್ಟಿಯಾಗಿ, "ಅಡಿವೆಪ್ಪ! ನನ್ನ ಗಂಡ ಅಡಿವೆಪ್ಪ! ಅಡಿವೆಪ್ಪನ ಖಾನಾವಳಿ!" ಎಂದಳು. ಆಕೆಯ ಬಾಯಲ್ಲಿ ಆ ಹೆಸರು ಕೇಳಿದ್ದು ನಾವೆಲ್ಲ ಅದೇ ಮೊದಲು. ನನಗೆ ಅಳು ತಡೆಯಲಾಗಲಿಲ್ಲ.

ಯಂತ್ರ ಗರಗರ ತಿರುಗಿತು. "ಇದು ಇನ್ನೊಬ್ಬರ ಹೆಸರು. ಇನ್ನೊಮ್ಮೆ ಉಚ್ಚರಿಸಿದರೆ ನಿಮ್ಮ ಅಂಗಡಿ ಕಾಯಂ ಬಂದ್."

ಶಟರ್ ಧಡಾರನೆ ಅರ್ಧಕ್ಕೆ ಇಳಿದು ನಿಂತಿತು. ಗಿರಾಕಿಗಳು ಎಂಜಲುಗೈಯಲ್ಲೇ ಬಗ್ಗಿ ಹೊರಗೋಡಿದರು. ನಾವೂ ಹೊರಗೆ ಬಂದು ತಲೆ ಎತ್ತಿದೆವು. ಅಡಿವೆಪ್ಪ ಕೈಯಾರೆ ಬರೆದಿದ್ದ ಅಕ್ಷರಗಳ ಮೇಲೆ ಕರಿ ಬಣ್ಣದ ಸರಕಾರಿ ಪಟ್ಟಿ ತಾನೇ ಸರಿಯಿತು. ಆಕೆಯ ದನಿಗೆ ಸಿಕ್ಕ ಮೊದಲ ಹೆಸರು ಅದರ ಮೇಲೆ ಕೆಂಪು ದೀಪದಲ್ಲಿ ಬೆಳಗಿತು: 'ಅಯ್ಯ ಬ್ಯಾಡ್ರಿ ಖಾನಾವಳಿ'! ಹೆಸರು ಸಿಕ್ಕಿತೆಂದು ಶಟರ್ ಮರ್ಯಾದೆಯಿಂದ ಮೇಲೆ ಹೋಯಿತು.

"ದಿಲ್ಲಿಗೆ ಹೋಗಿ ಬಿಡಿಸಿಕೊಂಡು ಬರತೀನ್ರಿ ಅಕ್ಕಾ! ಆಣಿ ಮಾಡಿ ಹೇಳತೀನಿ!" ನಮ್ಮ ಮನೆಯವರು ಕೈ ಮುಗಿದು ನಿಂತಿದ್ದರು.

ಪಾರವ್ವಕ್ಕ ಬಿದ್ದ ತಾಟುಗಳನ್ನು ಒಂದೊಂದೇ ಎತ್ತಿಕೊಳ್ಳುತ್ತಿದ್ದಳು. ಸೆರಗು ಮತ್ತೆ ತಲೆಯ ಮೇಲೆ ಬಂದಿತ್ತು.

"ಬಿಡೋ ತಮ್ಮಾ," ಎಂದಳು. "ಮೊದಲೂ ನಾ ಹೇಳತಿದ್ದಿಲ್ಲಲ್ಲ."